ಓದುವ ಗುಂಪಿನ ಒಳಗಿದ್ದು ನೋಡುವುದು ಹೇಗೆ? ಆನ್‌ಲೈನ್ ಕಲಿಕಾ ಸಮುದಾಯಗಳ ಡಿಜಿಟಲ್ ಕ್ಷೇತ್ರಕಾರ್ಯಕ್ಕೆ ಕಲಬುರಗಿಯಿಂದ ಒಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಸರ್ಕಾರಿ ನೌಕರಿಗೆ ಓದುತ್ತಿರುವ ಯಾರ ಮೊಬೈಲ್ ತೆರೆದರೂ ನಾಲ್ಕಾರು ವಾಟ್ಸ್‌ಆ್ಯಪ್ ಗುಂಪು, ಅದಕ್ಕೂ ಹೆಚ್ಚು ಟೆಲಿಗ್ರಾಂ ಚಾನೆಲ್ ಇರುತ್ತವೆ. ಪಿಡಿಒಗೆ ಒಂದು, ಪಿಎಸ್‌ಐಗೆ ಒಂದು, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಒಂದು, ಕಾಲೇಜು ಅಧ್ಯಾಪಕರ ಅರ್ಹತೆಯ ಕೆ–ಸೆಟ್‌ಗೆ ಇನ್ನೊಂದು. ಇವುಗಳ ಮೇಲೆ ಕಿರುಪ್ರಬಂಧವನ್ನೋ ಪಿಎಚ್‌.ಡಿ.ಯನ್ನೋ ಮಾಡಬೇಕೆಂದು ಸಮಾಜಶಾಸ್ತ್ರ, ಶಿಕ್ಷಣ, ಪತ್ರಿಕೋದ್ಯಮ, ಜಾನಪದ ಓದುವವರು ಈಚೆಗೆ ಹೆಚ್ಚಾಗಿ ಬರುತ್ತಿದ್ದಾರೆ. ಬರುವಾಗಲೇ ಅವರ ಕೈಯಲ್ಲಿ ಇಪ್ಪತ್ತು ಪ್ರಶ್ನೆಗಳ ಗೂಗಲ್ ಫಾರ್ಮ್ ಸಿದ್ಧವಾಗಿರುತ್ತದೆ. ಅದನ್ನು ಸದ್ಯಕ್ಕೆ ಬದಿಗಿಡಿ.

‘ನೀವು ಗುಂಪಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಕಲಿಯುತ್ತೀರಿ?’ ಎಂದು ಫಾರ್ಮ್‌ನಲ್ಲಿ ಕೇಳಿದರೆ ‘ಎರಡು ಗಂಟೆ’ ಎಂಬ ಉತ್ತರ ಬರುತ್ತದೆ. ಆ ಎರಡು ಗಂಟೆಯಲ್ಲಿ ಅಧಿಸೂಚನೆ ಯಾವಾಗ ಬರುತ್ತದೆಂಬ ಚರ್ಚೆ ಎಷ್ಟು, ಶುಭೋದಯದ ಚಿತ್ರಗಳು ಎಷ್ಟು, ಕಟ್ ಆಫ್ ಲೆಕ್ಕಾಚಾರ ಎಷ್ಟು, ನಿಜವಾದ ಓದು ಎಷ್ಟು ಎಂಬುದು ಒಳಗಿದ್ದು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಹಾಗೆ ಒಳಗಿದ್ದು, ಜನರ ದಿನಚರಿಯ ಜೊತೆ ಸಾಗುತ್ತಾ, ಕಂಡದ್ದನ್ನು ಬರೆದಿಟ್ಟುಕೊಂಡು ಅರ್ಥ ಹುಡುಕುವ ವಿಧಾನವೇ ಡಿಜಿಟಲ್ ಜನಾಂಗವರ್ಣನೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ರಾಂಪುರದಲ್ಲಿ ಉಳಿದು ಮಾಡಿದ ಕೆಲಸಕ್ಕೂ ಇದಕ್ಕೂ ಮೂಲ ಒಂದೇ, ಊರು ಮಾತ್ರ ಬೇರೆ. 1990ರ ದಶಕದಲ್ಲಿ ಮಾರುಕಟ್ಟೆ ಸಂಶೋಧಕ ರಾಬರ್ಟ್ ಕೋಜಿನೆಟ್ಸ್ ಇದರ ಒಂದು ಬಗೆಗೆ ‘ನೆಟ್ನೋಗ್ರಫಿ’ ಎಂಬ ಹೆಸರು ಕೊಟ್ಟರು. ಹೆಸರುಗಳ ಚರ್ಚೆಯನ್ನು ಪ್ರಬಂಧದ ಎರಡನೆಯ ಅಧ್ಯಾಯಕ್ಕೆ ಬಿಟ್ಟು ಕೆಲಸಕ್ಕೆ ಇಳಿಯೋಣ.

ಹಂತ 1: ಪ್ರಶ್ನೆಯನ್ನು ಸಣ್ಣದು ಮಾಡಿ

‘ಕಲ್ಯಾಣ ಕರ್ನಾಟಕದಲ್ಲಿ ಆನ್‌ಲೈನ್ ಕಲಿಕೆಯ ಪಾತ್ರ’ ಎಂಬುದು ಪ್ರಶ್ನೆಯಲ್ಲ, ವಿಚಾರ ಸಂಕಿರಣದ ಬ್ಯಾನರ್. ಸಂಸ್ಕೃತಿಯನ್ನು ಅಧ್ಯಯನ ಮಾಡುವವರು ಜನ ಪದೇ ಪದೇ ಮಾಡುವ ಒಂದು ಕೆಲಸವನ್ನು ಹಿಡಿಯಬೇಕು. ತಪ್ಪು ಉತ್ತರ ಕೊಟ್ಟವರನ್ನು ಗುಂಪು ಹೇಗೆ ನಡೆಸಿಕೊಳ್ಳುತ್ತದೆ? ಉರ್ದು ಮಾಧ್ಯಮದಲ್ಲಿ ಓದಿದವರು ಕನ್ನಡದ ಗುಂಪಿನಲ್ಲಿ ಸಂದೇಹ ಕೇಳುವುದು ಹೇಗೆ? ನೌಕರಿ ಸಿಕ್ಕವರು ಗುಂಪು ಬಿಡುತ್ತಾರೆಯೇ, ಉಳಿದರೆ ಯಾವ ಸ್ಥಾನದಲ್ಲಿ ಉಳಿಯುತ್ತಾರೆ? ಇಂಥ ಒಂದು ಪ್ರಶ್ನೆ ಸಾಕು. ಕ್ಷೇತ್ರಕ್ಕೆ ಇಳಿದ ಮೇಲೆ ಅದು ಬದಲಾಗುತ್ತದೆ, ಬದಲಾಗಲಿ. ಬದಲಾದ ದಿನಾಂಕವನ್ನೂ ಕಾರಣವನ್ನೂ ಬರೆದಿಡಿ. ವಿಧಾನದ ಅಧ್ಯಾಯಕ್ಕೆ ಅರ್ಧ ಸಾಮಗ್ರಿ ಅಲ್ಲೇ ಸಿಗುತ್ತದೆ.

ಹಂತ 2: ಗುಂಪನ್ನು ಆರಿಸಿ, ವೇದಿಕೆಯನ್ನು ಅರಿಯಿರಿ

ಒಂದು ಮುಖ್ಯ ಗುಂಪು, ಹೋಲಿಕೆಗೆ ಹೆಚ್ಚೆಂದರೆ ಇನ್ನೊಂದು. ಹತ್ತು ಗುಂಪು ಸೇರಿದವರು ಯಾವುದನ್ನೂ ನೋಡುವುದಿಲ್ಲ. ಆಯ್ಕೆ ಮಾಡುವಾಗ ಗುಂಪು ಜೀವಂತವಾಗಿದೆಯೇ ಎಂದು ಗಮನಿಸಿ. ಅಡ್ಮಿನ್ ಪಿಡಿಎಫ್ ಸುರಿಯುವುದು, ಉಳಿದವರು ಇಳಿಸಿಕೊಳ್ಳುವುದು, ಇಷ್ಟೇ ನಡೆಯುವ ಚಾನೆಲ್ ಒಂದು ಗೋದಾಮು; ಸಮುದಾಯ ಸಿಗುವುದು ಜನ ಒಬ್ಬರಿಗೊಬ್ಬರು ಉತ್ತರಿಸುವ ಕಡೆ.

ವೇದಿಕೆಯ ರಚನೆಯೇ ಜನರ ನಡವಳಿಕೆಯನ್ನು ಅರ್ಧ ತೀರ್ಮಾನಿಸುತ್ತದೆ. ವಾಟ್ಸ್‌ಆ್ಯಪ್ ಗುಂಪಿನ ಮಿತಿ 1,024 ಸದಸ್ಯರು. ಸಾಮಾನ್ಯ ಗುಂಪಿನಲ್ಲಿ ಎಲ್ಲರ ಫೋನ್ ಸಂಖ್ಯೆಯೂ ಎಲ್ಲರಿಗೂ ಕಾಣುತ್ತದೆ. ಟೆಲಿಗ್ರಾಂ ಗುಂಪಿನಲ್ಲಿ 2 ಲಕ್ಷ ಜನ ಇರಬಹುದು, ಸಂಖ್ಯೆ ಮರೆಮಾಡಬಹುದು, ಹೊಸಬರಿಗೆ ಹಳೆಯ ಸಂದೇಶಗಳು ಕಾಣುವಂತೆಯೂ ಮಾಡಬಹುದು. 2020ರ ಆರಂಭದಿಂದ ಅದರಲ್ಲಿ ಕ್ವಿಜ್ ಮಾದರಿಯ ಪೋಲ್ ಬಂದಿದೆ. ಸಂಖ್ಯೆ ಕಾಣುವ ಕಡೆ ಹೆಣ್ಣುಮಕ್ಕಳು ಮಾತಾಡುವುದಕ್ಕೂ ಕಾಣದ ಕಡೆ ಮಾತಾಡುವುದಕ್ಕೂ ಅಂತರವಿದೆಯೇ? ಈ ಒಂದು ಹೋಲಿಕೆಯ ಮೇಲೆಯೇ ಒಳ್ಳೆಯ ಪ್ರಬಂಧವೊಂದು ನಿಲ್ಲಬಹುದು.

ಇಲ್ಲಿಯ ಗುಂಪುಗಳಿಗೆ ನೆಲದ ಗುಣವೂ ಇದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಕಾರಣ ಈ ಭಾಗದ ಸ್ಥಳೀಯ ವೃಂದಕ್ಕೆ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80ರಷ್ಟು ಮೀಸಲಾಗಿವೆ. ಹಾಗಾಗಿ ಕಟ್ ಆಫ್ ಚರ್ಚೆ ಶುರುವಾದ ಕೂಡಲೇ ‘ಎಚ್‌ಕೆ’, ‘ನಾನ್ ಎಚ್‌ಕೆ’ (ಎಚ್‌ಕೆ ಎಂದರೆ ಹೈದರಾಬಾದ್ ಕರ್ನಾಟಕ, ಕಲ್ಯಾಣ ಕರ್ನಾಟಕದ ಹಿಂದಿನ ಹೆಸರು) ಎಂದು ಗುಂಪು ಎರಡಾಗುತ್ತದೆ. ಬೆಂಗಳೂರಿನ ಸಂಶೋಧಕರಿಗೆ ಇದು ಅಡಿಟಿಪ್ಪಣಿಯ ವಿಷಯ, ನಿಮಗೆ ಅಧ್ಯಾಯದ ವಿಷಯ.

ಹಂತ 3: ಬಾಗಿಲು ತಟ್ಟಿ ಒಳಗೆ ಹೋಗಿ

ಜಾಯಿನ್ ಲಿಂಕ್ ಸಿಕ್ಕಿತೆಂದು ಸುಮ್ಮನೆ ಸೇರಿ, ಯಾರಿಗೂ ಹೇಳದೆ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಕೆಲವರು ‘ಅವಲೋಕನ’ ಎಂದು ಕರೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಕಿಟಕಿಯಲ್ಲಿ ಇಣುಕುವುದು. ಯಾರು ಬೇಕಾದರೂ ಓದಬಹುದಾದ ಸಾರ್ವಜನಿಕ ಚಾನೆಲ್ಲಿನ ವಿಷಯ ಬೇರೆ. ಸದಸ್ಯರಿಗೆ ಮಾತ್ರ ಕಾಣುವ ಗುಂಪಿನ ವಿಷಯ ಬೇರೆ.

ಮೊದಲು ವಿಭಾಗದ ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ಅಡ್ಮಿನ್‌ ಭೇಟಿ. ಫೋನಿಗಿಂತ ಮುಖಾಮುಖಿ ಒಳ್ಳೆಯದು. ಹೆಚ್ಚಿನ ಅಡ್ಮಿನ್‌ಗಳು ಇದೇ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಓದುತ್ತಿರುವವರೋ ಕೋಚಿಂಗ್ ನಡೆಸುವವರೋ ಆಗಿರುತ್ತಾರೆ. ಒಂದು ಚಹಾ ಕುಡಿಯುವಷ್ಟರಲ್ಲಿ ಅನುಮಾನ ಕರಗುತ್ತದೆ. ಅನುಮಾನಕ್ಕೆ ಕಾರಣವೂ ಇದೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆಯ ಅಕ್ರಮ ಮರುವರ್ಷ ಬಯಲಾದದ್ದು ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದ. ಅಂದಿನಿಂದ ಗುಂಪಿಗೆ ಹೊಸ ಮುಖ ಬಂದರೆ, ಅದೂ ಪ್ರಶ್ನೆ ಕೇಳುವ ಮುಖ ಬಂದರೆ, ‘ಪೊಲೀಸರೋ, ಪತ್ರಿಕೆಯವರೋ?’ ಎಂಬ ಸಂಶಯ ಸಹಜ. ಗುರುತಿನ ಚೀಟಿ, ಮಾರ್ಗದರ್ಶಕರ ಪತ್ರ ಜೊತೆಗಿರಲಿ.

ಅಡ್ಮಿನ್ ಒಪ್ಪಿದರೆ ಗುಂಪೇ ಒಪ್ಪಿದಂತಾಗುವುದಿಲ್ಲ. ನೇರ ಕನ್ನಡದಲ್ಲಿ ಗುಂಪಿಗೊಂದು ಸಂದೇಶ ಹಾಕಿ:

‘ನಮಸ್ಕಾರ. ನಾನು ಇಂಥ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಪರೀಕ್ಷೆಗೆ ಓದುವವರು ಮೊಬೈಲ್ ಗುಂಪುಗಳಲ್ಲಿ ಒಬ್ಬರಿಗೊಬ್ಬರು ಹೇಗೆ ನೆರವಾಗುತ್ತಾರೆ ಎಂದು ಅಧ್ಯಯನ ಮಾಡುತ್ತಿದ್ದೇನೆ. ಅಡ್ಮಿನ್ ಅವರ ಅನುಮತಿ ಪಡೆದು ಮಾರ್ಚ್ ಕೊನೆಯವರೆಗೆ ಇಲ್ಲಿರುತ್ತೇನೆ. ಯಾರ ಹೆಸರು, ಸಂಖ್ಯೆ, ಫೋಟೊ ಬಳಸುವುದಿಲ್ಲ. ನಿಮ್ಮ ಸಂದೇಶಗಳನ್ನು ಬಳಸುವುದು ಬೇಡವೆನಿಸಿದರೆ ನನಗೆ ಪ್ರತ್ಯೇಕವಾಗಿ “ಬೇಡ” ಎಂದು ಬರೆದರೆ ಸಾಕು, ಕಾರಣ ಹೇಳಬೇಕಾಗಿಲ್ಲ.’

ಎರಡು ವಾರಕ್ಕೊಮ್ಮೆ ಇದನ್ನು ಮತ್ತೆ ಹಾಕಿ, ಹೊಸ ಸದಸ್ಯರು ಸೇರುತ್ತಲೇ ಇರುತ್ತಾರೆ. ದಖನಿ, ಅಂದರೆ ಈ ಭಾಗದ ಆಡುಮಾತಿನ ಉರ್ದು, ಮಾತಾಡುವವರು ಹೆಚ್ಚಿರುವ ಗುಂಪಾದರೆ ಇದೇ ಮಾತನ್ನು ಧ್ವನಿ ಸಂದೇಶವಾಗಿಯೂ ಕಳಿಸಿ. ಪಿಯುಸಿ, ನೀಟ್ ಗುಂಪುಗಳಲ್ಲಿ 18 ದಾಟದವರು ತುಂಬಾ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಅವರು ಮಕ್ಕಳು. ಪಾಲಕರ ಒಪ್ಪಿಗೆ ಪಡೆಯುವಷ್ಟು ಸಮಯ ನಿಮಗಿಲ್ಲದಿದ್ದರೆ ವಯಸ್ಕರ ಗುಂಪನ್ನೇ ಆರಿಸಿಕೊಳ್ಳುವುದು ಲೇಸು.

ಸಂಶೋಧನೆಗೆ ಬೇರೆ ಸಿಮ್ ಇಟ್ಟುಕೊಳ್ಳಿ. ವಿಶೇಷವಾಗಿ ವಿದ್ಯಾರ್ಥಿನಿಯರಿಗೆ ಈ ಮಾತು. ಸಾವಿರ ಜನರ ಗುಂಪಿಗೆ ಸ್ವಂತ ಸಂಖ್ಯೆ ಕೊಟ್ಟರೆ ರಾತ್ರಿ ಹನ್ನೊಂದರ ನಂತರ ‘ಹಾಯ್ ಮೇಡಂ’ಗಳಿಗೆ ಕೊನೆಯಿರುವುದಿಲ್ಲ.

ಹಂತ 4: ಮೊದಲ ಮೂರು ವಾರ ನೋಡಿ, ಕೇಳಬೇಡಿ

ದಿನದಲ್ಲಿ ಎರಡು ಹೊತ್ತು ಗೊತ್ತುಮಾಡಿಕೊಂಡು ಕುಳಿತುಕೊಳ್ಳಿ. ಸಂದೇಶಗಳು ಬರುವಾಗಲೇ ಓದಬೇಕು. ಮರುದಿನ ಒಟ್ಟಿಗೆ ಓದಿದರೆ ನಡುವಿನ ಮೌನ ಎಷ್ಟು ಉದ್ದವಿತ್ತು, ಯಾರು ಬರೆದು ಅಳಿಸಿದರು, ಯಾವ ಪ್ರಶ್ನೆ ಉತ್ತರವಿಲ್ಲದೆ ತೇಲಿಹೋಯಿತು ಎಂಬುದು ಗೊತ್ತಾಗುವುದಿಲ್ಲ.

ಮೊದಲು ಗುಂಪಿನ ಹೊತ್ತುಗಳನ್ನು ಗುರುತಿಸಿ. ಬೆಳಿಗ್ಗೆ ಪತ್ರಿಕೆಗಳ ತುಣುಕು, ಪ್ರಚಲಿತ ಘಟನೆಗಳ ಪಿಡಿಎಫ್, ಮಧ್ಯಾಹ್ನ ಮೌನ, ಸಂಜೆ ಗಣಿತದ ಸಂದೇಹ, ಊಟದ ನಂತರ ಕ್ವಿಜ್. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ ನಲವತ್ತು ದಾಟಿದಾಗ ಈ ಹೊತ್ತುಗಳೇ ಕದಲುತ್ತವೆ. ತೊಗರಿ ರಾಶಿಯ ದಿನಗಳಲ್ಲಿ ಹಳ್ಳಿಗೆ ಹೋದವರು ವಾರಗಟ್ಟಲೆ ಕಾಣುವುದಿಲ್ಲ.

ಆಮೇಲೆ ಪಾತ್ರಗಳು. ಪ್ರತಿ ಗುಂಪಿನಲ್ಲೂ ಪಿಡಿಎಫ್ ಹುಡುಕಿ ತರುವ ಒಬ್ಬ ಅಣ್ಣ, ವ್ಯಾಕರಣ ಕೇಳಿದರೆ ಧ್ವನಿ ಸಂದೇಶದಲ್ಲಿ ಬಿಡಿಸಿ ಹೇಳುವ ಒಬ್ಬರು ಸರ್, ಎಲ್ಲ ವದಂತಿಯನ್ನೂ ಮೊದಲು ತರುವ ಒಬ್ಬರು, ಆ ವದಂತಿಗೆ ‘ಅಧಿಕೃತ ಲಿಂಕ್ ಹಾಕಿ’ ಎಂದು ಕೇಳುವ ಇನ್ನೊಬ್ಬರು ಇರುತ್ತಾರೆ. ವಯಸ್ಸಿನಲ್ಲಿ ಕಿರಿಯನಾದ ಅಡ್ಮಿನ್‌ಗೆ ನಲವತ್ತು ದಾಟಿದವರೂ ‘ಸರ್’ ಎನ್ನುತ್ತಾರೆ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ದಿನ ನಿನ್ನೆಯವರೆಗಿನ ‘ತಮ್ಮ’ ಕೂಡ ‘ಸರ್’ ಆಗುತ್ತಾನೆ. ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಅದು ಯಾವ ದಿನ ಬದಲಾಯಿತು ಎಂಬ ಸಣ್ಣ ಪಟ್ಟಿ ಇಟ್ಟುಕೊಳ್ಳಿ. ಗುಂಪಿನ ಮೇಲು ಕೀಳು ಅದರಲ್ಲೇ ಬಿದ್ದಿರುತ್ತದೆ.

ಸಂಶೋಧಕರು ಸಾಮಾನ್ಯವಾಗಿ ಬಿಟ್ಟುಬಿಡುವುದು ಮೌನಿಗಳನ್ನು. ಸದಸ್ಯರಲ್ಲಿ ಬಹುತೇಕರು ಎಂದೂ ಏನನ್ನೂ ಬರೆಯುವುದಿಲ್ಲ. ‘ನಿಷ್ಕ್ರಿಯ ಸದಸ್ಯರು’ ಎಂದು ಅವರನ್ನು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಲೈಬೀರಿಯಾದ ದರ್ಜಿಗಳ ಅಂಗಡಿಯಲ್ಲಿ ಕೆಲಸ ಕಲಿಯುವ ಹುಡುಗರು ಮೊದಲು ಗುಂಡಿ ಹೊಲಿಯುವುದು, ಅಂಚು ಮಡಿಸುವುದು ಮುಂತಾದ ಕೊನೆಯ ಕೆಲಸಗಳಿಂದ ಆರಂಭಿಸಿ ನಿಧಾನವಾಗಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಬರುತ್ತಿದ್ದುದನ್ನು ಮಾನವಶಾಸ್ತ್ರಜ್ಞೆ ಜೀನ್ ಲೇವ್ ಗಮನಿಸಿದ್ದರು. ಅಂಚಿನಲ್ಲಿದ್ದು ನೋಡುವುದೂ ಕಲಿಕೆಯ ಒಂದು ಸ್ಥಾನವೇ ಎಂಬ ವಾದವನ್ನು ಅವರು ಎಟಿಯೆನ್ ವೆಂಗರ್ ಜೊತೆ ಸೇರಿ 1991ರಲ್ಲಿ ಮುಂದಿಟ್ಟರು. ಹಾಗೆಂದು ಇಲ್ಲಿಯ ಮೌನಕ್ಕೆಲ್ಲ ಆ ಸಿದ್ಧಾಂತದ ಹೊದಿಕೆ ಹೊದಿಸಲೂ ಬಾರದು. ಚಿಂಚೋಳಿಯ ಹುಡುಗಿಯೊಬ್ಬಳು ಅಣ್ಣನ ಫೋನಿನಲ್ಲಿ ಗುಂಪು ನೋಡುತ್ತಿದ್ದರೆ ಅವಳು ಬರೆಯದಿರುವುದಕ್ಕೆ ಕಾರಣ ಅಂಚೂ ಅಲ್ಲ, ನಾಚಿಕೆಯೂ ಅಲ್ಲ, ಆ ಫೋನ್ ಅವಳದಲ್ಲ.

ಹಂತ 5: ಕ್ಷೇತ್ರ ಟಿಪ್ಪಣಿ ಬರೆಯಿರಿ, ಅಂದೇ ಬರೆಯಿರಿ

ಸ್ಕ್ರೀನ್‌ಶಾಟ್ ಟಿಪ್ಪಣಿಯಲ್ಲ. ಅದು ಏನು ಬರೆಯಲಾಯಿತು ಎಂಬುದನ್ನು ಉಳಿಸುತ್ತದೆ. ಏನು ನಡೆಯಿತು ಎಂಬುದನ್ನು ನೀವೇ ಬರೆಯಬೇಕು. ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ಕಂಡದ್ದು, ಬಲಕ್ಕೆ ನಿಮಗೆ ಅನಿಸಿದ್ದು. ಎಡಭಾಗದ ಒಂದು ಮಾದರಿ:

‘ರಾತ್ರಿ 9.30. ಅಡ್ಮಿನ್ ಕ್ವಿಜ್ ಆರಂಭಿಸಿದರು. ಮೂರನೆಯ ಪ್ರಶ್ನೆ: ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಹೋದದ್ದು ಯಾರ ಕಾಲದಲ್ಲಿ? ಒಂದನೆಯ ಅಹಮದ್ ಷಾ ಎಂಬುದರಲ್ಲಿ ತಕರಾರಿಲ್ಲ. “ವರ್ಷ?” ಎಂದು ಒಬ್ಬರು ಕೇಳಿದರು. 1424, 1425, 1429 ಎಂದು ಮೂರು ಉತ್ತರ ಬಂದವು. ಒಬ್ಬರು ಗೈಡ್ ಪುಟದ ಫೋಟೊ ಹಾಕಿದರು, ಇನ್ನೊಬ್ಬರು ಪಠ್ಯಪುಸ್ತಕದ್ದು. 1429 ಎಂದವರು ಪದವಿಯಲ್ಲಿ ಓದಿದ ಪುಸ್ತಕದ ಹೆಸರು ಹೇಳಿ ನಾಲ್ಕು ಸಾಲು ವಿವರಿಸಿದರು. ಅಡ್ಮಿನ್: “ಕೀ ಉತ್ತರದಲ್ಲಿ ಏನು ಕೊಡುತ್ತಾರೋ ಅದೇ ಸರಿ. ಮುಂದಿನ ಪ್ರಶ್ನೆ.” ಹಲವರು ಹೆಬ್ಬೆರಳ ಗುರುತು ಒತ್ತಿದರು. 1429 ಎಂದವರು ಆ ರಾತ್ರಿ ಮತ್ತೆ ಬರೆಯಲಿಲ್ಲ.’

ಬಲಭಾಗದಲ್ಲಿ ನಾನಾದರೆ ಬರೆಯುವುದು ಇದನ್ನು: ಗ್ರಂಥಗಳಲ್ಲಿ ನಿಜವಾಗಿಯೂ ಬೇರೆ ಬೇರೆ ವರ್ಷಗಳಿವೆ, ಅಂದರೆ ಮೂವರೂ ಓದಿಯೇ ಉತ್ತರಿಸಿದ್ದಾರೆ. ಗುಂಪು ಅದನ್ನು ಚರ್ಚಿಸಬಹುದಿತ್ತು. ಚರ್ಚೆಯನ್ನು ನಿಲ್ಲಿಸಿದ್ದು ಇನ್ನೂ ಪ್ರಕಟವಾಗದ, ಯಾರೂ ನೋಡದ ಒಂದು ಕೀ ಉತ್ತರ, ಅಂದರೆ ಪರೀಕ್ಷೆ ನಡೆಸುವವರು ಕೊಡುವ ಸರಿಯುತ್ತರಗಳ ಪಟ್ಟಿ. ತೀರ್ಪು ಕೊಡುವ ಅಧಿಕಾರ ಗುಂಪಿನ ಹೊರಗಿದೆ. ಅಡ್ಮಿನ್ ಆ ಅಧಿಕಾರದ ಹೆಸರಿನಲ್ಲಿ ಮಾತಾಡಿದರು. ಹೆಚ್ಚು ಓದಿದವರೇ ಸುಮ್ಮನಾಗಬೇಕಾಯಿತು. ಇದು ಒಂದು ರಾತ್ರಿಯ ಘಟನೆಯೋ, ಪದೇ ಪದೇ ನಡೆಯುವ ರೀತಿಯೋ? ಮುಂದಿನ ವಾರಗಳ ಕ್ವಿಜ್‌ಗಳಲ್ಲಿ ಇದನ್ನೇ ಹುಡುಕಬೇಕು.

ಇಂಥ ಟಿಪ್ಪಣಿ ದಿನಕ್ಕೊಂದು ಪುಟವಾದರೂ ಇರಲಿ. ಏನೂ ನಡೆಯದ ದಿನವೂ ಬರೆಯಿರಿ. ಏನೂ ನಡೆಯಲಿಲ್ಲ ಎಂಬ ದಿನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗಲೇ ಈ ಗುಂಪುಗಳ ಗುಟ್ಟು ಬಿಚ್ಚುವುದು. ಹೆಸರಿನಲ್ಲಿ ಇವು ಕಲಿಯುವ ಗುಂಪುಗಳು. ಕೆಲಸದಲ್ಲಿ ಹೆಚ್ಚಾಗಿ ಇವು ಕಾಯುವ ಗುಂಪುಗಳು: ಅಧಿಸೂಚನೆಗೆ, ಪ್ರವೇಶಪತ್ರಕ್ಕೆ, ಕೀ ಉತ್ತರಕ್ಕೆ, ಆಯ್ಕೆಪಟ್ಟಿಗೆ, ನ್ಯಾಯಾಲಯದ ಆದೇಶಕ್ಕೆ. ಆ 545 ಹುದ್ದೆಗಳ ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷಕ್ಕೂ ಮಿಕ್ಕಿದ ಆ ಅವಧಿಯಲ್ಲಿ ಓದುವವರಿಗೆ ಹೊಸ ಪಠ್ಯವೇನೂ ಇರಲಿಲ್ಲ. ಒಬ್ಬರನ್ನೊಬ್ಬರು ಬಿಡದೆ ಹಿಡಿದುಕೊಂಡಿರಲು ಒಂದು ಜಾಗ ಬೇಕಿತ್ತು. ಶುಭೋದಯದ ಚಿತ್ರ, ನಿತ್ಯದ ಕ್ವಿಜ್, ‘ಏನಾದರೂ ಸುದ್ದಿ ಇದೆಯೇ ಸರ್?’ ಎಂಬ ಪ್ರಶ್ನೆ, ಇವನ್ನು ಕಲಿಕೆಗೆ ಅಡ್ಡಿಯೆಂದು ಬದಿಗೆ ಸರಿಸಿದರೆ ನೀವು ನೋಡಲು ಹೋದ ಸಂಸ್ಕೃತಿಯನ್ನೇ ಕೈಬಿಟ್ಟಂತೆ.

ಹಂತ 6: ಪರದೆಯಿಂದ ಎದ್ದು ಹೊರಗೆ ಹೋಗಿ

ಮೊಬೈಲ್ ಒಳಗಿನ ಗುಂಪಿಗೆ ಹೊರಗೊಂದು ನೆಲೆ ಇರುತ್ತದೆ. ತಿಂಗಳ ಬಾಡಿಗೆಗೆ ಸೀಟು ಕೊಡುವ ಖಾಸಗಿ ವಾಚನಾಲಯ, ಹಾಸ್ಟೆಲ್ಲಿನ ಮಾಳಿಗೆ, ಝೆರಾಕ್ಸ್ ಅಂಗಡಿ, ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದ ಮರದ ನೆರಳು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗುವ ಆಳಂದ ರಸ್ತೆಯ ಬಸ್. ಝೆರಾಕ್ಸ್ ಅಂಗಡಿಯನ್ನು ಮರೆಯಬೇಡಿ. ಗುಂಪಿನಲ್ಲಿ ಬಂದ ಪಿಡಿಎಫ್ ಕಾಗದವಾಗುವುದು ಅಲ್ಲಿ. ಯಾವ ಪಿಡಿಎಫ್‌ಗೆ ಜನ ಹಣ ಕೊಟ್ಟು ಪ್ರತಿ ತೆಗೆಸುತ್ತಾರೆ ಎಂಬುದು ಅದರ ಬೆಲೆಯನ್ನು ಲೈಕ್‌ಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಒಂದೂವರೆ ತಿಂಗಳ ನಂತರ ಸಂದರ್ಶನ ಆರಂಭಿಸಿ. ಎಂಟು, ಹತ್ತು ಜನ ಸಾಕು, ಆದರೆ ಅರ್ಧದಷ್ಟು ಮೌನಿಗಳಾಗಿರಬೇಕು. ನನಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ರೀತಿಯೆಂದರೆ ಅವರ ಫೋನ್ ಅವರ ಕೈಯಲ್ಲೇ ಇರಲು ಬಿಟ್ಟು, ಗುಂಪನ್ನು ಹಿಂದಕ್ಕೆ ಸರಿಸುತ್ತಾ ‘ಇಲ್ಲಿ ಏನಾಯಿತು, ನೀವು ಆಗ ಎಲ್ಲಿದ್ದಿರಿ?’ ಎಂದು ಕೇಳುವುದು. ಪ್ರಶ್ನಾವಳಿಯಲ್ಲಿ ಬಾರದ ಮಾತು ಆಗ ಬರುತ್ತದೆ. ಉತ್ತರ ಟೈಪ್ ಮಾಡಿ ಅಳಿಸಿದ್ದು, ತಪ್ಪಾದರೆ ನಗುತ್ತಾರೆಂದು ಖಾಸಗಿಯಾಗಿ ಕೇಳಿದ್ದು, ಐದು ಜನ ಗೆಳತಿಯರು ಸೇರಿ ಬೇರೆಯೇ ಒಂದು ಸಣ್ಣ ಗುಂಪು ಮಾಡಿಕೊಂಡದ್ದು. ಆ ಸಣ್ಣ ಗುಂಪಿಗೆ ನಿಮ್ಮನ್ನು ಕರೆದರೆ ಹೋಗಿ, ಕರೆಯದಿದ್ದರೆ ಕೇಳಬೇಡಿ.

ಹಂತ 7: ದತ್ತಾಂಶವನ್ನು ಉಳಿಸಿ

ಟೆಲಿಗ್ರಾಂನ ಕಂಪ್ಯೂಟರ್ ಆವೃತ್ತಿಯಲ್ಲಿ ಇಡೀ ಚಾಟನ್ನು ಎಚ್‌ಟಿಎಂಎಲ್ ಅಥವಾ ಜೇಸನ್ ರೂಪದಲ್ಲಿ ಇಳಿಸಿಕೊಳ್ಳಬಹುದು. ವಾಟ್ಸ್‌ಆ್ಯಪ್ ರಫ್ತಿಗೆ ಮಿತಿಯಿದೆ. ಚಿತ್ರಗಳಿಲ್ಲದೆ ಸುಮಾರು 40,000, ಚಿತ್ರಗಳ ಸಮೇತ ಸುಮಾರು 10,000 ಸಂದೇಶಗಳು ಬರುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ ಇಳಿಸಿ. ಸಂದೇಶಗಳು ತಾವಾಗಿ ಮಾಯವಾಗುವಂತೆ ಗುಂಪಿನವರು ಹೊಂದಿಸಿದ್ದರೆ ಅದನ್ನು ಅವರ ಇಚ್ಛೆಯೆಂದು ತಿಳಿದು ಟಿಪ್ಪಣಿಯಷ್ಟಕ್ಕೆ ತೃಪ್ತರಾಗಿ. ‘ಬೇಡ’ ಎಂದವರ ಸಂದೇಶಗಳನ್ನು ಇಳಿಸಿಕೊಂಡ ದಿನವೇ ತೆಗೆದುಹಾಕಿ.

ಕನ್ನಡದ ಕಷ್ಟ ಶುರುವಾಗುವುದು ಹುಡುಕಾಟದಲ್ಲಿ. ಜನ ಕನ್ನಡ ಲಿಪಿಯಲ್ಲೂ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಕನ್ನಡ ಬರೆಯುತ್ತಾರೆ, ಒಂದೇ ಪದವನ್ನು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಪದವೊಂದನ್ನು ಹುಡುಕುವ ಮೊದಲು ಅದರ ಎಲ್ಲ ರೂಪಗಳ ಪಟ್ಟಿ ಮಾಡಿಕೊಳ್ಳಿ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ಗಳಿಂದ ಪಠ್ಯ ನಕಲಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ, ಯೂನಿಕೋಡ್‌ಗೆ ಪರಿವರ್ತಿಸಬೇಕು. ಧ್ವನಿ ಸಂದೇಶಗಳನ್ನು ಯಂತ್ರಕ್ಕೆ ಕೊಟ್ಟು ಬರೆಸಿದರೆ ಕಲಬುರಗಿಯ ಕನ್ನಡವೂ ದಖನಿಯೂ ಕಲಸಿಹೋಗುತ್ತವೆ. ಕೇಳಿ, ಕೈಯಲ್ಲೇ ಬರೆಯಿರಿ.

ಗುಪ್ತಪದವಿರುವ ಎರಡು ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಶ್ರೀನಿವಾಸರ ಪರಿಷ್ಕೃತ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದೇ ಕಟ್ಟಡದಲ್ಲಿದ್ದವು, ಬೆಂಕಿ ಬಿದ್ದಾಗ ಮೂರೂ ಸುಟ್ಟವು. ರಾಂಪುರದ ಕುರಿತ ಪುಸ್ತಕವನ್ನು ಅವರು ಮುಖ್ಯವಾಗಿ ನೆನಪಿನಿಂದ ಬರೆಯಬೇಕಾಯಿತು. ನೆನಪು ಹಾಗೆ ಕೈಹಿಡಿಯುವುದು ಎಲ್ಲರಿಗೂ ಅಲ್ಲ.

ಹಂತ 8: ಸಾಲುಸಾಲಾಗಿ ಓದಿ, ಗುರುತು ಹಾಕಿ

ಟ್ಯಾಗೆಟ್, ಕ್ವಾಲ್‌ಕೋಡರ್ ಎಂಬ, ಸಾಲುಗಳಿಗೆ ಗುರುತು ಹಾಕಲು ನೆರವಾಗುವ ಉಚಿತ ತಂತ್ರಾಂಶಗಳು ಕನ್ನಡ ಯೂನಿಕೋಡ್ ಪಠ್ಯವನ್ನು ತೆಗೆದುಕೊಳ್ಳುತ್ತವೆ. ಬೇಡವಾದರೆ ಕಾಗದ ಮತ್ತು ಬಣ್ಣದ ಪೆನ್ನು ಸಾಕು. ಗುರುತುಗಳಿಗೆ ಸಾಧ್ಯವಾದಷ್ಟು ಅಲ್ಲಿಯವರ ಮಾತನ್ನೇ ಹೆಸರಾಗಿಡಿ: ‘ಕೀ ಉತ್ತರವೇ ಸರಿ’, ‘ಪಿಡಿಎಫ್ ಹಾಕಿ ಸರ್’, ‘ಸುದ್ದಿ ಇದೆಯೇ’. ‘ಜ್ಞಾನ ಹಂಚಿಕೆ’, ‘ಸಾಮಾಜಿಕ ಬಂಡವಾಳ’ ಮೊದಲೇ ಬಂದು ಕುಳಿತರೆ ದತ್ತಾಂಶ ಅವುಗಳ ಆಳಾಗುತ್ತದೆ. ಒಂದು ತೀರ್ಮಾನಕ್ಕೆ ಬಂದ ಕೂಡಲೇ ಅದನ್ನು ಸುಳ್ಳು ಮಾಡುವ ರಾತ್ರಿಯೊಂದನ್ನು ಟಿಪ್ಪಣಿಗಳಲ್ಲಿ ಹುಡುಕಿ. ಕೀ ಉತ್ತರವನ್ನೇ ಗುಂಪು ಒಟ್ಟಾಗಿ ಪ್ರಶ್ನಿಸಿ ಆಕ್ಷೇಪಣೆ ಸಲ್ಲಿಸಿದ ದಿನ ಸಿಕ್ಕರೆ ನಿಮ್ಮ ಅಧ್ಯಾಯ ಎರಡರಷ್ಟು ಗಟ್ಟಿಯಾಗುತ್ತದೆ.

ಹಂತ 9: ಬರೆಯುವಾಗ ಜನರನ್ನು ಕಾಯಿರಿ

ಹೆಸರು ಬದಲಿಸಿದರೆ ಸಾಲದು. ‘ಜೇವರ್ಗಿ ತಾಲ್ಲೂಕಿನ ತಾಂಡಾದಿಂದ ಬಂದು ಪಿಎಸ್‌ಐ ದೈಹಿಕ ಪರೀಕ್ಷೆ ಗೆದ್ದ ಮಹಿಳೆ’ ಎಂದರೆ ಇಲ್ಲಿಯ ಓದುಗರಿಗೆ ಹೆಸರು ಹೇಳಿದಂತೆಯೇ. ತಾಲ್ಲೂಕನ್ನೋ ಪರೀಕ್ಷೆಯನ್ನೋ ಬದಲಿಸಿ, ಬದಲಿಸಿದ್ದೀರೆಂದು ಮುನ್ನುಡಿಯಲ್ಲಿ ತಿಳಿಸಿ. ಸಾರ್ವಜನಿಕ ಚಾನೆಲ್ಲಿನ ಮಾತನ್ನು ಅಕ್ಷರಶಃ ಉದ್ಧರಿಸಿದರೆ ಹುಡುಕಾಟದಲ್ಲಿ ಬರೆದವರೇ ಸಿಕ್ಕಿಬಿಡುತ್ತಾರೆ; ಸಾರವನ್ನು ನಿಮ್ಮ ಮಾತಿನಲ್ಲಿ ಹೇಳಿ. ಹಕ್ಕುಸ್ವಾಮ್ಯದ ಪುಸ್ತಕಗಳ ಪಿಡಿಎಫ್ ಹಂಚಿಕೆಯನ್ನು ವರ್ಣಿಸಬಹುದು, ಆ ಕಡತಗಳನ್ನು ನೀವು ಇಟ್ಟುಕೊಳ್ಳುವ, ಮುಂದೆ ಕಳಿಸುವ ಅಗತ್ಯವಿಲ್ಲ.

‘ಪ್ರಶ್ನೆಪತ್ರಿಕೆ ಸಿಗುತ್ತದೆ, ಖಾಸಗಿಯಾಗಿ ಬನ್ನಿ’ ಎಂಬ ಸಂದೇಶ ಕಂಡರೆ ಏನು ಮಾಡುತ್ತೀರಿ ಎಂಬುದನ್ನು ಮಾರ್ಗದರ್ಶಕರೊಂದಿಗೆ ಕುಳಿತು ಮೊದಲೇ ಗೊತ್ತುಮಾಡಿ, ಲಿಖಿತವಾಗಿ ಇಟ್ಟುಕೊಳ್ಳಿ. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗಿರುವ ಕಾನೂನಿನ ರಕ್ಷಣೆ ಸಂಶೋಧಕರ ಟಿಪ್ಪಣಿಗೆ ನಮ್ಮಲ್ಲಿ ಇಲ್ಲ. ಉಳಿಸಿಕೊಡಲಾಗದ ಗೌಪ್ಯದ ಮಾತನ್ನು ಯಾರಿಗೂ ಕೊಡಬೇಡಿ.

ಹಂತ 10: ಹೇಳಿ ಹೊರಡಿ

ಒಪ್ಪಿಕೊಂಡ ಅವಧಿ ಮುಗಿದಾಗ ಗುಂಪಿಗೆ ತಿಳಿಸಿ. ಪರೀಕ್ಷೆಗೆ ಹತ್ತು ದಿನ ಇರುವಾಗ ಬೇಡ. ಆಗ ಯಾರಿಗೂ ನಿಮ್ಮ ಮಾತು ಕೇಳುವ ವ್ಯವಧಾನ ಇರುವುದಿಲ್ಲ. ಕಂಡುಕೊಂಡದ್ದನ್ನು ಎರಡು ಪುಟದ ಕನ್ನಡ ಬರಹವಾಗಿಸಿ ಗುಂಪಿನಲ್ಲಿ ಹಾಕಿ, ಆಕ್ಷೇಪಣೆಗೆ ಎರಡು ವಾರ ಕೊಡಿ. ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸಿ ಪಳಗಿದವರು ಅವರು, ನಿಮ್ಮ ಬರಹಕ್ಕೂ ಪುಟ, ಸಾಲು ಸಮೇತ ಸಲ್ಲಿಸುತ್ತಾರೆ. ಬಂದ ಆಕ್ಷೇಪಣೆಗಳನ್ನು ಒಪ್ಪಿದರೆ ಪ್ರಬಂಧವನ್ನು ತಿದ್ದಿ. ಒಪ್ಪದಿದ್ದರೆ ಆಕ್ಷೇಪಣೆಯನ್ನೂ ನಿಮ್ಮ ಕಾರಣವನ್ನೂ ಅನುಬಂಧದಲ್ಲಿ ಕೊಡಿ. ಅದಾದ ಮೇಲೆ ಆ ಸಿಮ್‌ನಿಂದ ಗುಂಪು ಬಿಡಬಹುದು.